ಕ್ರೈಸ್ತ ಕಲಾವಿದರ 12 ವಾರದ ಆನ್‌ಲೈನ್ ಕೂಟ: ಸೇರ್ಕೊಂಡ ಮೇಲೆ ಬರೀತಿರೋ ರಿವ್ಯೂ

ನಾನು ಬ್ರಷ್ ಮುಟ್ಟಿ ಮೂರು ವರ್ಷ ಆಗಿತ್ತು. ಕೆಲಸ, ಮನೆ ಅಂತ ನೆಪ ಹೇಳ್ತಿದ್ದೆ, ಆದ್ರೆ ನಿಜವಾದ ಕಾರಣ ಬೇರೆ. ನಮ್ಮ ಚರ್ಚ್ ಸಭೆಲಿ ಕ್ರಿಸ್ಮಸ್ ಬಂದ್ರೆ ಬ್ಯಾಕ್‌ಡ್ರಾಪ್ ಬೇಕು ಅಂತ ಫೋನ್ ಬರುತ್ತೆ, ಈಸ್ಟರ್ ಬಂದ್ರೆ ಬ್ಯಾನರ್‌ಗೆ ಬರುತ್ತೆ, ಉಳಿದ ಹತ್ತು ತಿಂಗಳು "ಏನು ಬರೀತಿದೀಯಾ" ಅಂತ ಕೇಳೋರಿಲ್ಲ. ಆ ಕಡೆ ಚಿತ್ರ ಬರೆಯೋ ಫ್ರೆಂಡ್ಸ್ ಹತ್ರ ಪ್ರಾರ್ಥನೆ ವಿಷಯ ಎತ್ತಿದ್ರೆ ಮಾತು ಬೇರೆ ಕಡೆ ತಿರುಗುತ್ತೆ. ಅಲ್ಲಿ ಅರ್ಧ, ಇಲ್ಲಿ ಅರ್ಧ ಅನ್ನೋ ಥರ ಇದ್ದೆ. ಇದು ದೇವರು ಕೊಟ್ಟ ಕರೆನಾ ಇಲ್ಲ ನನ್ನ ಹವ್ಯಾಸಕ್ಕೆ ನಾನೇ ದೊಡ್ಡ ಹೆಸರು ಇಟ್ಕೊಂಡಿದೀನಾ ಅನ್ನೋ ಪ್ರಶ್ನೆ ಒಬ್ಬಳೇ ಕೂತು ಎಷ್ಟು ಸಲ ಕೇಳ್ಕೊಂಡ್ರೂ ಉತ್ತರ ಸಿಕ್ಕಿರ್ಲಿಲ್ಲ. ಆಗ ಒಬ್ಬ ಸಿಸ್ಟರ್ ಈ ಕೂಟದ ಲಿಂಕ್ ಕಳಿಸಿದ್ರು.

ವ್ಯವಸ್ಥೆ ಹೀಗಿದೆ. ವಾರಕ್ಕೊಂದು ಸಲ ವಿಡಿಯೋ ಕಾಲ್, ಎರಡು ಗಂಟೆ, ಒಂದು ಬ್ಯಾಚ್‌ಗೆ ಹನ್ನೆರಡೇ ಜನ. ನಮ್ಮ ಬ್ಯಾಚ್‌ನಲ್ಲಿ ಪೇಂಟಿಂಗ್ ಮಾಡೋರು ಮೂರು ಜನ, ಹಾಡು ಕಟ್ಟೋರು ನಾಲ್ಕು ಜನ, ಮರಗೆಲಸದವರೊಬ್ಬರು, ಕುಂಬಾರಿಕೆ ಮಾಡೋ ಅಕ್ಕ ಒಬ್ಬರು, ಕವನ ಬರೆಯೋರು ಇಬ್ಬರು, ಫೋಟೋ ತೆಗೆಯೋ ಹುಡುಗ ಒಬ್ಬ. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಪೆಂಟಕೋಸ್ಟಲ್, ಆರ್ಥೊಡಾಕ್ಸ್ ಎಲ್ಲಾ ಸೇರಿದ್ರು. ಮೊದಲ ಇಪ್ಪತ್ತು ನಿಮಿಷ ಯಾರೂ ಮಾತಾಡಂಗಿಲ್ಲ, ಬೈಬಲ್‌ನ ಒಂದು ವಾಕ್ಯಭಾಗ ಎರಡು ಸಲ ನಿಧಾನಕ್ಕೆ ಓದ್ತಾರೆ, ಆಮೇಲೆ ಮೌನ. ಅದಾದ್ಮೇಲೆ ಇಬ್ಬರು ತಮ್ಮ ಕೆಲಸ ತೋರಿಸ್ಬೇಕು, ಮತ್ತೆ ಅದು ಮುಗಿದಿರೋ ಕೆಲಸ ಆಗಿರಬಾರ್ದು, ಇದೇ ಅವರ ಮುಖ್ಯ ರೂಲ್. ಇನ್ನೊಂದು ರೂಲ್, "ಸೂಪರ್" "ಬ್ಲೆಸ್ಡ್" ಅಂತ ಹೇಳಿ ಮುಗಿಸಂಗಿಲ್ಲ, ಏನು ಕಾಣ್ತು ಅದನ್ನ ಹೇಳ್ಬೇಕು.

ಯಾರು ಮೊದಲು ತೋರಿಸ್ಬೇಕು ಅನ್ನೋದನ್ನ ಚೀಟಿ ಎತ್ತಿ ತೀರ್ಮಾನ ಮಾಡ್ತಾರೆ. ಮೊದಲ ದಿನ ಇದೇನು ಮಕ್ಕಳಾಟ ಅನ್ಸ್ತು, ಆಮೇಲೆ ನಡೆಸೋ ಬ್ರದರ್ ಬೈಬಲ್‌ನ ಒಂದನೇ ಪೂರ್ವಕಾಲವೃತ್ತಾಂತ ಪುಸ್ತಕದ 25ನೇ ಅಧ್ಯಾಯ ತೆಗೆದು ಓದಿದ್ರು. ರಾಜ ದಾವೀದ ದೇವರ ಆಲಯದ ಸೇವೆಗೆ ಆಸಾಫ, ಹೇಮಾನ, ಯೆದುತೂನ ಇವರ ಮಕ್ಕಳನ್ನ ಗಾಯಕರಾಗಿ ನೇಮಿಸಿದ, ಒಟ್ಟು 288 ಜನ, 24 ವರ್ಗ, ವರ್ಗಕ್ಕೆ 12 ಜನ, ಮತ್ತೆ ಸರದಿ ಗೊತ್ತು ಮಾಡೋವಾಗ ಚಿಕ್ಕವರು ದೊಡ್ಡವರು ಗುರು ಶಿಷ್ಯ ಅಂತ ನೋಡ್ದೆ ಎಲ್ಲರಿಗೂ ಚೀಟಿನೇ. ಬ್ಯಾಚ್‌ಗೆ ಹನ್ನೆರಡು ಜನ ಅನ್ನೋದೂ ಅಲ್ಲಿಂದಲೇ ಬಂದಿದ್ದಂತೆ. ಇಪ್ಪತ್ತು ವರ್ಷ ಸಂಗೀತ ಮಾಡಿರೋ ಅಣ್ಣ ಒಬ್ಬರು, ಹೋದ ವರ್ಷ ಕ್ಯಾಮೆರಾ ಹಿಡಿದ ಹುಡುಗ, ಇಬ್ಬರಿಗೂ ಅದೇ ಡಬ್ಬಿಯ ಚೀಟಿ. ದೊಡ್ಡವರು ಹೇಳ್ತಾರೆ ಉಳಿದವರು ಕೇಳ್ತಾರೆ ಅನ್ನೋದು ಆವತ್ತೇ ಮುಗೀತು.

ಎರಡನೇ ವಾರ ಬೈಬಲ್‌ನ ವಿಮೋಚನಕಾಂಡ 31ನೇ ಅಧ್ಯಾಯ. ದೇವರ ಆರಾಧನೆಯ ಗುಡಾರ ಕಟ್ಟಿದ ಕುಶಲಕರ್ಮಿ ಬೆಚಲೇಲನ ಕಥೆ ನನಗೆ ಸಂಡೇ ಸ್ಕೂಲಿಂದ ಗೊತ್ತು, ದೇವರು ಅವನನ್ನ ಹೆಸರು ಹಿಡಿದು ಕರೆದು ತನ್ನ ಆತ್ಮದಿಂದ ತುಂಬಿಸಿದ್ದು, ಬಂಗಾರ ಬೆಳ್ಳಿ ತಾಮ್ರದ ಕೆಲಸಕ್ಕೆ, ಕಲ್ಲು ಕೆತ್ತೋಕೆ, ಮರ ಕೆತ್ತೋಕೆ ಜಾಣತನ ಕೊಟ್ಟಿದ್ದು. ನನ್ನ ಗಮನಕ್ಕೆ ಬಾರದೇ ಇದ್ದಿದ್ದು ಏನಂದ್ರೆ ಅವನನ್ನ ಒಬ್ಬನೇ ಕರೀಲಿಲ್ಲ, ಜೊತೆಗೆ ಒಹೊಲೀಯಾಬನನ್ನೂ ನೇಮಿಸ್ತಾನೆ, 35ನೇ ಅಧ್ಯಾಯಕ್ಕೆ ಬಂದ್ರೆ ಇಬ್ಬರಿಗೂ ಬೇರೆಯವರಿಗೆ ಕಲಿಸೋ ಮನಸ್ಸನ್ನೂ ಕೊಟ್ಟ ಅಂತಿದೆ. ಕರೆ, ಜೊತೆಗಾರ, ಕಲಿಸೋ ಮನಸ್ಸು ಮೂರೂ ಒಟ್ಟಿಗೆ. ಇನ್ನೊಂದು ಮಾತು ಮರಗೆಲಸದ ಬ್ರದರ್ ಹೇಳಿದ್ರು, ಅದಿನ್ನೂ ತಲೇಲಿದೆ. 32ರಲ್ಲಿ ಜನ ಕಿವಿಯ ಬಂಗಾರ ಬಿಚ್ಚಿ ಕೊಟ್ಟಿದ್ದು ಕರುವಿನ ವಿಗ್ರಹ ಆಯ್ತು, 35ರಲ್ಲಿ ಅಂಥದ್ದೇ ಒಡವೆ ತಂದು ಕೊಟ್ಟಿದ್ದು ಗುಡಾರದ ಕೆಲಸಕ್ಕೆ ಹೋಯ್ತು, ಬಂಗಾರ ಅದೇ, ಕೈ ಕಸುಬೂ ಹೆಚ್ಚುಕಮ್ಮಿ ಅದೇ. ಅವರು ಹೇಳೋವಾಗ ಕೈಲಿ ಒಂದು ಉಳಿ ಹಿಡ್ಕೊಂಡಿದ್ರು, ಮಾತು ನಿಲ್ಲಿಸಿ ಅದನ್ನೇ ಸ್ವಲ್ಪ ಹೊತ್ತು ನೋಡ್ತಾ ಕೂತ್ರು.

ನನ್ನ ಚೀಟಿ ಬಂದಿದ್ದು ಐದನೇ ವಾರ. ಯೇಸು ಶಿಷ್ಯರ ಕಾಲು ತೊಳೆಯೋದನ್ನ ವಾಟರ್‌ಕಲರ್‌ನಲ್ಲಿ ಶುರು ಮಾಡಿದ್ದೆ. ಈ ಮಾಧ್ಯಮದಲ್ಲಿ ಬೆಳಕು ಬೇಕಾದ್ರೆ ಬಿಳಿ ಬಣ್ಣ ಹಚ್ಚೋದಲ್ಲ, ಆ ಜಾಗದ ಪೇಪರ್ ಖಾಲಿ ಬಿಡಬೇಕು, ಒಂದ್ಸಲ ಬಣ್ಣ ಹೀರ್ಕೊಂಡ್ರೆ ಆ ಬಿಳುಪು ಪೂರ್ತಿ ವಾಪಸ್ ಬರಲ್ಲ. ನಾನು ಪೇತ್ರನ ಕಾಲನ್ನ ಹಾಗೇ ಖಾಲಿ ಬಿಟ್ಟಿದ್ದೆ. ಬೆಳಕಿಗೋಸ್ಕರ ಬಿಟ್ಟಿದ್ದಲ್ಲ, ಹೆದರಿ ಬಿಟ್ಟಿದ್ದು. ಕ್ಯಾಮೆರಾ ಮುಂದೆ ಹಿಡಿದಾಗ ಒಂದೆರಡು ನಿಮಿಷ ಯಾರೂ ಮಾತಾಡ್ಲಿಲ್ಲ. ಅಲ್ಲಿವರೆಗೂ ಹೆಚ್ಚು ಮಾತಾಡದೇ ಇದ್ದ ಕುಂಬಾರಿಕೆ ಅಕ್ಕ "ಬೋಗುಣಿ ಅಂಚು ತುಂಬಾ ತೆಳ್ಳಗೆ ಬರೆದಿದೀಯಲ್ಲಮ್ಮ, ಮಣ್ಣಿನದಾಗಿದ್ರೆ ಅದರ ಮೇಲೆ ಹಿಮ್ಮಡಿ ಊರಿದ್ರೆ ಮುರಿಯುತ್ತೆ" ಅಂದ್ರು. ಆಮೇಲೆ ಕೇಳಿದ್ರು, "ಆ ಕಾಲು ನೀರಿಗೆ ಬರ್ತಿದೆಯಾ, ನೀರಿಂದ ಹಿಂದಕ್ಕೆ ಎಳ್ಕೊಳ್ತಿದೆಯಾ?"

ನಾನು ಅದನ್ನ ಯೋಚನೆನೇ ಮಾಡಿರ್ಲಿಲ್ಲ. "ನೀನು ನನ್ನ ಕಾಲು ತೊಳೀಲೇಬಾರ್ದು" ಅಂತ ಪೇತ್ರ ಹೇಳಿದ ಕ್ಷಣನಾ, "ಹಾಗಾದ್ರೆ ಕೈ ತಲೆ ಎಲ್ಲಾನೂ ತೊಳಿ" ಅಂದ ಕ್ಷಣನಾ? ಎರಡಕ್ಕೂ ಪಾದದ ಬೆರಳು ಬೇರೆ ಥರ ಇರುತ್ತೆ, ಮೊಣಕಾಲು ಬೇರೆ ಥರ ಬಾಗುತ್ತೆ. ಆವತ್ತು ರಾತ್ರಿ ಹನ್ನೊಂದರ ತನಕ ನನ್ನ ಕಾಲನ್ನೇ ಬಕೆಟ್ ಅಂಚಲ್ಲಿ ಇಟ್ಕೊಂಡು ಸ್ಕೆಚ್ ಮಾಡ್ದೆ. ಮೂರು ವರ್ಷ ಆದ್ಮೇಲೆ ಕೈ ಓಡಿದ್ದು ಆ ಒಂದು ಪ್ರಶ್ನೆಯಿಂದ. ಕರೆ ಹೌದಾ ಅಲ್ವಾ ಅನ್ನೋ ಪ್ರಶ್ನೆ ಆ ರಾತ್ರಿ ನೆನಪಿಗೇ ಬರ್ಲಿಲ್ಲ, ನನಗೆ ಬೇಕಾಗಿದ್ದಿದ್ದು ನನ್ನ ಬೋಗುಣಿ ಅಂಚನ್ನ ಅಷ್ಟು ಗಮನ ಇಟ್ಟು ನೋಡೋ ಒಬ್ಬರು.

ಎಂಟನೇ ವಾರ ಮಾತ್ರ ಬಿಸಿ ಏರ್ತು. ಐಕಾನ್, ಅಂದ್ರೆ ಯೇಸು, ಸಂತರ ಪವಿತ್ರ ಚಿತ್ರ ಬರೆಯೋ ಸಿಸ್ಟರ್ ತಮ್ಮ ಕೆಲಸ ತೋರಿಸಿದಾಗ ಹಾಡು ಕಟ್ಟೋ ಒಬ್ಬ ಬ್ರದರ್ ವಿಗ್ರಹ ಮಾಡ್ಕೊಂಡು ಪೂಜಿಸಬಾರ್ದು ಅನ್ನೋ ಎರಡನೇ ಆಜ್ಞೆ ಎತ್ತಿದ್ರು, ದನಿನೂ ಸ್ವಲ್ಪ ಜೋರಾಗೇ ಇತ್ತು. ಸಿಸ್ಟರ್ ಶಾಂತವಾಗಿ ಕ್ರಿ.ಶ. 787ರಲ್ಲಿ ಬಿಷಪ್‌ಗಳು ಸೇರಿ ನಡೆಸಿದ ಎರಡನೇ ನೈಸಿಯಾ ಮಹಾಸಭೆಯ ತೀರ್ಮಾನ ಹೇಳಿದ್ರು, ಆರಾಧನೆ ದೇವರಿಗೊಬ್ಬನಿಗೇ, ಚಿತ್ರಕ್ಕೆ ಸಲ್ಲಿಸೋ ಗೌರವ ಚಿತ್ರದಲ್ಲಿರೋ ವ್ಯಕ್ತಿಗೆ ಮುಟ್ಟುತ್ತೆ ಅಂತ. ಆದ್ರೂ ಜಗಳ ಮುಂದೆ 843ರ ತನಕ ಎಳೀತು ಅನ್ನೋದನ್ನೂ ಅವರೇ ಹೇಳಿದ್ರು. ನಡೆಸೋ ಬ್ರದರ್ ಇನ್ನೊಂದು ಉದಾಹರಣೆ ಕೊಟ್ರು: 1524ರಲ್ಲಿ ಜ್ಯೂರಿಕ್‌ನಲ್ಲಿ ಚರ್ಚ್‌ಗಳಿಂದ ಚಿತ್ರ ವಿಗ್ರಹ ಎಲ್ಲಾ ತೆಗೆಸಿದ್ರಲ್ಲ, ಆ ಪ್ರೊಟೆಸ್ಟೆಂಟ್ ಸುಧಾರಣೆಯ ಮುಂದಾಳು ಜ್ವಿಂಗ್ಲಿ ಸ್ವತಃ ಒಳ್ಳೆ ಸಂಗೀತಗಾರ, ಹಲವು ವಾದ್ಯ ನುಡಿಸ್ತಿದ್ರು, ಅಂಥವರ ಕಾಲದಲ್ಲೇ ಅಲ್ಲಿ ಚರ್ಚ್‌ಗಳಲ್ಲಿ ಆರ್ಗನ್ ವಾದ್ಯ ಕೂಡ ನಿಂತುಹೋಯ್ತು. ಹಾಡೋ ಬ್ರದರ್ ಇದನ್ನ ಕೇಳಿ ಸುಮ್ಮನಾದ್ರು. ಯಾರೂ ಅಭಿಪ್ರಾಯ ಬದಲಾಯಿಸ್ಲಿಲ್ಲ, ಆದ್ರೆ ಮುಂದಿನ ವಾರ ಅದೇ ಬ್ರದರ್ ಆ ಸಿಸ್ಟರ್ ಕೆಲಸಕ್ಕೋಸ್ಕರ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರು. ನನ್ನ ಪಾಲಿಗೆ 12 ವಾರದಲ್ಲಿ ಅದೇ ದೊಡ್ಡದು.

ಸಣ್ಣದೊಂದು ಅಭ್ಯಾಸನೂ ಇಲ್ಲಿಂದ ಬಂತು. ಜರ್ಮನಿಯ ಸಂಗೀತ ರಚನಕಾರ ಬಾಕ್ ತಮ್ಮ ಎಷ್ಟೋ ಸ್ವರಲಿಪಿಗಳ ಶುರುವಲ್ಲಿ ಜೆ.ಜೆ. ಅಂತ, ಅಂದ್ರೆ ಯೇಸುವೇ ಸಹಾಯ ಮಾಡು ಅಂತ, ಕೊನೇಲಿ ಎಸ್.ಡಿ.ಜಿ. ಅಂತ, ದೇವರಿಗೊಬ್ಬನಿಗೇ ಮಹಿಮೆ ಅಂತ ಬರೀತಿದ್ರು. ನಾನು ಈಗ ಪೇಪರ್ ಹಿಂಬದಿ ಮೂಲೇಲಿ ಪೆನ್ಸಿಲ್‌ನಲ್ಲಿ "ಸಹಾಯ ಮಾಡು" ಅಂತ ಬರೆದೇ ಟೇಪ್ ಅಂಟಿಸೋದು.

ಕೊರತೆಗಳೂ ಇವೆ, ಮುಚ್ಚಿಡಲ್ಲ. ಎರಡು ಗಂಟೆ ಸಾಲಲ್ಲ, ಒಬ್ಬರ ಕೆಲಸದ ಮಾತು ಆಳಕ್ಕೆ ಇಳಿಯೋ ಹೊತ್ತಿಗೆ ಟೈಮ್ ಆಯ್ತು ಅಂತ ನಿಲ್ಲಿಸ್ತಾರೆ. ವಿಡಿಯೋ ಕಾಲ್‌ನಲ್ಲಿ ಹಾಡು ಕಟ್ಟೋರಿಗೆ ಅನ್ಯಾಯ ಆಗುತ್ತೆ, ದನಿ ಒಡೆದು ಒಡೆದು ಬರುತ್ತೆ, ಮೊದಲೇ ರೆಕಾರ್ಡ್ ಮಾಡಿ ಕಳಿಸೋ ವ್ಯವಸ್ಥೆ ಇರಬೇಕಿತ್ತು. ನಾಟಕ, ನೃತ್ಯದವರು ಒಬ್ಬರೂ ಇರ್ಲಿಲ್ಲ. ವಾಟ್ಸಾಪ್ ಗ್ರೂಪ್ ಅಂತೂ ಮೂರನೇ ವಾರಕ್ಕೇ ಫಾರ್ವರ್ಡ್ ಮೆಸೇಜು, "ನನ್ನ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ" ಇದರಿಂದ ತುಂಬ್ಕೊಂತು, ನಾನು ಮ್ಯೂಟ್ ಮಾಡ್ದೆ. ಮತ್ತೆ ಕಲೆಯಿಂದಲೇ ಹೊಟ್ಟೆ ತುಂಬಿಸ್ಕೊಳ್ಳೋರ ಕಷ್ಟ, ಸಭೆಯವರು ಪುಕ್ಕಟೆ ಕೇಳೋದು, ಒಂದು ಕೆಲಸಕ್ಕೆ ಎಷ್ಟು ಅಂತ ಹೇಳೋಕೆ ಆಗದೇ ಇರೋ ಸಂಕೋಚ, ಇದರ ಬಗ್ಗೆ ಒಂದು ವಾರನೂ ಇಡ್ಲಿಲ್ಲ. ಕರೆ ಬಗ್ಗೆ ಮಾತಾಡೋರು ಕೂಲಿ ಬಗ್ಗೆನೂ ಮಾತಾಡ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಫೀಡ್‌ಬ್ಯಾಕ್‌ನಲ್ಲಿ ಬರೆದಿದೀನಿ.

ಟೆಕ್ನಿಕ್ ಕಲಿಯೋಕೆ ಬರೋರಿಗೆ ಇದು ಬೇಡ, ಇಲ್ಲಿ ಯಾರೂ ಬ್ರಷ್ ಹಿಡಿಯೋದು ಹೇಳ್ಕೊಡಲ್ಲ. ಕೆಲಸ ಮಾರೋಕೆ ಪರಿಚಯ ಬೇಕು ಅನ್ನೋರಿಗೂ ಬೇಡ. ಒಂಟಿಯಾಗಿ ಕೂತು ಕೈ ನಿಂತುಹೋಗಿರೋರು ಖಂಡಿತ ಸೇರಿ, 5ಕ್ಕೆ 4 ಕೊಡ್ತೀನಿ. ಸೇರೋರಿಗೆ ಎರಡು ಮಾತು: ಫೋನ್‌ಗೆ ಒಂದು ಸ್ಟ್ಯಾಂಡ್ ಇಟ್ಕೊಳಿ, ಕೈಲಿ ಹಿಡಿದು ತೋರಿಸಿದ್ರೆ ಯಾರಿಗೂ ಏನೂ ಕಾಣಲ್ಲ. ಮತ್ತೆ ನಿಮ್ಮ ಚೀಟಿ ಬಂದ ದಿನ ಚೆನ್ನಾಗಿ ಬಂದಿರೋದನ್ನ ಹುಡುಕ್ಬೇಡಿ, ಎಲ್ಲಿ ಕೈ ನಿಂತಿದೆಯೋ ಅದನ್ನೇ ತೋರಿಸಿ. ನಮ್ಮ ಬ್ಯಾಚ್‌ನಲ್ಲಿ ಐದು ಜನ 12 ವಾರ ಮುಗಿದ್ಮೇಲೂ ನಾವಾಗೇ ಕಾಲ್ ಮಾಡ್ಕೊಂಡು ಕೂಡ್ತಿದೀವಿ, ಚೀಟಿ ಡಬ್ಬಿ ಈಗ ಕುಂಬಾರಿಕೆ ಅಕ್ಕನ ಹತ್ರ ಇದೆ.