ಸ್ವಲ್ಪ ಸಿಗಾರ್ ಇದ್ರೆ ಏರ್‌ಟೈಟ್ ಡಬ್ಬಿನೇ ಬೆಸ್ಟ್

ಹತ್ತಿಪ್ಪತ್ತು ಸಿಗಾರ್ ಇಟ್ಕೊಳ್ಳೋರು ಅವು ಒಣಗದ ಹಾಗೆ ತೇವ ಕಾಪಾಡೋ ಮರದ ಪೆಟ್ಟಿಗೆಗೆ, ಅಂದ್ರೆ ಹ್ಯೂಮಿಡಾರ್‌ಗೆ ದುಡ್ಡು ಸುರಿಯೋದು ಬೇಡ, ಇದು ನನ್ನ ಖಚಿತ ಅಭಿಪ್ರಾಯ. ನಾನು ಬಳಸ್ತಿರೋದು ಅಡುಗೆಮನೆಗೆ ಅಂತ ಮಾರೋ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದಲ್ಲಿ ರಬ್ಬರ್ ಸೀಲ್, ನಾಲ್ಕೂ ಕಡೆ ಲಾಕ್, ಒಳಗೆ ತೇವಾನ 65%ಗೆ ಹಿಡಿದಿಡೋ ಒಂದು ಬೊವೆಡಾ 65 ಪ್ಯಾಕ್ ಅಷ್ಟೇ. ಈ ಪ್ಯಾಕ್ ನಿಜವಾಗ್ಲೂ ಚೆನ್ನಾಗಿದೆ, ಒಳಗಿರೋ ಉಪ್ಪಿನ ದ್ರಾವಣ ತೇವ ಕಮ್ಮಿ ಆದ್ರೆ ಬಿಡತ್ತೆ ಜಾಸ್ತಿ ಆದ್ರೆ ಹೀರ್ಕೊಳ್ಳತ್ತೆ, ಸ್ಪಾಂಜ್ ನೆನೆಸೋದು ನೀರು ತುಂಬೋದು ಯಾವ ತಾಪತ್ರಯಾನೂ ಇಲ್ಲ, 60 ಗ್ರಾಂದು ಒಂದು ಇಟ್ರೆ ಸುಮಾರು 25 ಸಿಗಾರ್‌ಗೆ ಆಗತ್ತೆ, ಒಣಗಿ ಗಟ್ಟಿ ಆದಾಗ ಬದಲಾಯಿಸಿ.

ಕಮ್ಮಿ ರೇಟಿನ ಮರದ ಡಬ್ಬಿಗಳ ತೊಂದ್ರೆ ಏನಂದ್ರೆ ಮುಚ್ಚಳ ಸರಿಯಾಗಿ ಕೂರಲ್ಲ, ಮೇಲಾಗಿ ಒಣ ಮರ ಮೊದ್ಲು ತಾನೇ ತೇವ ಎಲ್ಲಾ ಕುಡಿಯತ್ತೆ, ಅದನ್ನ ಹದ ಮಾಡ್ದೆ ಸಿಗಾರ್ ಇಟ್ರೆ ಒಣಗೋದು ಗ್ಯಾರಂಟಿ. ನೋಡೋಕೆ ಮಾತ್ರ ಚಂದ.

ಹೊಸ ಪ್ಲಾಸ್ಟಿಕ್ ವಾಸನೆ ಇದ್ರೆ ತೊಳೆದು ಪೂರ್ತಿ ಆರಿಸಿ, ವಾಸನೆ ಹೋಗೋವರ್ಗೂ ತೆರೆದಿಡಿ, ಸಿಗಾರ್ ಎಲ್ಲಾ ವಾಸನೆನೂ ಹಿಡ್ಕೊಳ್ಳತ್ತೆ. ಸ್ಪ್ಯಾನಿಷ್ ಸೀಡರ್ ಮರದ ತೆಳು ಹಾಳೆ ಸಿಕ್ರೆ ಒಂದು ಹಾಕಿ, ಕಂಪು ಸೊಗಸಾಗಿರತ್ತೆ. ತೇವ ಅಳೆಯೋ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಅಂತೂ ಬೇಕೇ ಬೇಕು, ಸರಿ ತೋರಿಸ್ತಿದ್ಯಾ ಅಂತ ನೋಡೋಕೆ ಒದ್ದೆ ಉಪ್ಪಿನ ಜೊತೆ ಮುಚ್ಚಿಟ್ರೆ ಅದು 75% ತೋರಿಸ್ಬೇಕು, ವ್ಯತ್ಯಾಸ ಎಷ್ಟು ಅಂತ ಬರ್ಕೊಳ್ಳಿ.

ಬಿಸಿಲು ಬೀಳೋ ಕಡೆ ಮಾತ್ರ ಇಡ್ಬೇಡಿ ದಯವಿಟ್ಟು, ಬೆಚ್ಚಗಾದ್ರೆ ತಂಬಾಕಿನ ಹುಳದ ಮೊಟ್ಟೆ ಒಡೆದು ಎಲ್ಲದಕ್ಕೂ ತೂತು ಬೀಳತ್ತೆ, 18ರಿಂದ 21 ಡಿಗ್ರಿ ಇರೋ ಕಪಾಟು ಸಿಕ್ರೆ ಸಾಕು.