ಬ್ಯಾನ್‌ಶೀಗೆ ಪವರ್ ವಾಲ್ವ್ ಸಿಲಿಂಡರ್: ಮೂರು ಥರ ಓಡಿಸಿ ನೋಡಿದೆ, ಒಂದನ್ನು ಇಟ್ಟುಕೊಂಡೆ

ಮೊದಲೇ ಹೇಳಿಬಿಡುತ್ತೇನೆ. ನನಗೆ ಹಿಡಿಸಿದ್ದು ಯಮಹಾ ಆರ್‌ಡಿ 350 ವೈಪಿವಿಎಸ್ ಬೈಕಿನ ಸಿಲಿಂಡರ್‌ಗಳು. ವೈಪಿವಿಎಸ್ ಅಂದರೆ ಯಮಹಾದ ಪವರ್ ವಾಲ್ವ್ ವ್ಯವಸ್ಥೆ, ಹೊಗೆ ಹೊರಹೋಗುವ ಕಿಂಡಿಯ ಎತ್ತರವನ್ನು ಎಂಜಿನ್ ವೇಗಕ್ಕೆ ತಕ್ಕಂತೆ ಬದಲಿಸುವಂಥದ್ದು. ಆದರೆ ಆ ವಾಲ್ವ್ ತಿರುಗಿಸುವ ಸರ್ವೋ ಮೋಟಾರ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಮಾತ್ರ. ಆ "ಮಾತ್ರ" ಅನ್ನೋದು ಅರ್ಥವಾಗುವಷ್ಟರಲ್ಲಿ ನನಗೆ ಹಲವು ವಾರಾಂತ್ಯಗಳು, ಒಂದು ಡಬ್ಬಿ ಜೆಟ್‌ಗಳು (ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪುಗಳು), ಒಂದು ಪಿಸ್ಟನ್ ಖರ್ಚಾಗಿದ್ದವು.

ಗಾಡಿ ಯಮಹಾ ಬ್ಯಾನ್‌ಶೀ 350. ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಕ್ವಾಡ್, ಅಂದರೆ ನಾಲ್ಕು ಚಕ್ರದ ಬೈಕು. ಇದರ ಎಂಜಿನ್ 1983ರಲ್ಲಿ ಬಂದ ಆರ್‌ಡಿ 350 ವೈಪಿವಿಎಸ್ ಬೈಕಿನ ಮನೆತನದ್ದೇ. ಅದೇ 64 ಮಿಮೀ ಬೋರ್, ಅದೇ 54 ಮಿಮೀ ಸ್ಟ್ರೋಕ್, ಅದೇ 347 ಸಿಸಿ. ಕೆಲವು ಕಡೆ ಆ ಬೈಕನ್ನೇ ಆರ್‌ಝಡ್ 350 ಅಂತ ಮಾರಿದರು. 1987ರಲ್ಲಿ ಬ್ಯಾನ್‌ಶೀ ಬಂದಾಗ ಮಾತ್ರ ಪವರ್ ವಾಲ್ವ್ ಇರಲಿಲ್ಲ, ಕೊನೆವರೆಗೂ ಬರಲಿಲ್ಲ. ಕ್ರ್ಯಾಂಕ್‌ಕೇಸ್ ಬಿಚ್ಚದೆ ಆ ಬೈಕಿನ ಸಿಲಿಂಡರ್‌ಗಳನ್ನು ತಂದು ಇದರ ಮೇಲೆ ಕೂರಿಸಬಹುದು ಅನ್ನೋದು ಎಷ್ಟೋ ಜನ ಮಾಡಿ ನೋಡಿರುವ ವಿಷಯ.

ನನಗೆ ಇದು ಯಾಕೆ ಬೇಕಾಯಿತು ಅಂದರೆ, ನಾನು ಓಡಿಸುವುದು ಕಲ್ಲು, ಬೇರು, ಏರು ಇರುವ ಕಾಲುದಾರಿಗಳಲ್ಲಿ. ಬ್ಯಾನ್‌ಶೀ ಕೆಳಗಿನ ಆರ್‌ಪಿಎಮ್‌ನಲ್ಲಿ ಮಲಗಿರುತ್ತದೆ, ಮೇಲೆ ಹೋದ ಮೇಲೆ ಒಮ್ಮೆಲೇ ಎದ್ದು ಒದೆಯುತ್ತದೆ. ಬಯಲಲ್ಲಿ ಅದು ಮಜಾ. ಏರಿನ ತಿರುವಲ್ಲಿ ಅದು ಮಜಾ ಅಲ್ಲ.

ನಾನು ಮಾಡಿದ ಮೊದಲ ತಪ್ಪು, ಕಂಪನಿ ಸಿಲಿಂಡರ್‌ಗಳನ್ನೇ ಪೋರ್ಟ್ ಮಾಡಿಸಿದ್ದು, ಅಂದರೆ ಸಿಲಿಂಡರ್ ಗೋಡೆಯ ಕಿಂಡಿಗಳನ್ನು (ಪೋರ್ಟ್) ಉಜ್ಜಿ ದೊಡ್ಡದು ಮಾಡಿಸಿದ್ದು. "ಪವರ್ ಜಾಸ್ತಿ ಆಗುತ್ತೆ" ಅಂದರು, ಕೊಟ್ಟೆ. ಪವರ್ ಜಾಸ್ತಿ ಆಯಿತು ಕೂಡ, ಸುಳ್ಳು ಹೇಳಲ್ಲ. ಆದರೆ ಎಲ್ಲಿ? ನನಗೆ ಬೇಡದ ಕಡೆ. ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಎತ್ತರ ಮಾಡಿದರೆ ಪಿಸ್ಟನ್ ಕೆಳಗಿಳಿಯುವಾಗ ಪೋರ್ಟ್ ಬೇಗ ತೆರೆಯುತ್ತದೆ, ಮೇಲೇರುವಾಗ ತಡವಾಗಿ ಮುಚ್ಚುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಹೊಗೆ ಹೊರಹೋಗಲು ಅಷ್ಟು ಸಮಯ ಬೇಕೇ ಬೇಕು, ಮತ್ತೆ ಎಕ್ಸಾಸ್ಟ್ ಪೈಪಿನಿಂದ ವಾಪಸ್ ಬರುವ ಒತ್ತಡದ ಅಲೆ ಹೊರಗೆ ಚೆಲ್ಲಿದ ಮಿಶ್ರಣವನ್ನು ಒಳಗೆ ತಳ್ಳಿ ಲೆಕ್ಕ ಸರಿಮಾಡುತ್ತದೆ. ನಿಧಾನ ತಿರುಗುವಾಗ ಆ ಅಲೆ ಸರಿಯಾದ ಹೊತ್ತಿಗೆ ಬರುವುದಿಲ್ಲ. ಒಳಗೆ ಬಂದ ಪೆಟ್ರೋಲ್ ಸುಮ್ನೆ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಮೊದಲೇ ಮಲಗಿದ್ದ ಗಾಡಿಗೆ ಜೋಗುಳ ಹಾಡಿಸಿದ ಹಾಗಾಯಿತು. ಏರಿನಲ್ಲಿ ಅರ್ಧ ಕ್ಲಚ್ ಹಿಡಿದೇ ಹತ್ತಬೇಕು. ಒಂದು ಸೆಟ್ ಕ್ಲಚ್ ಪ್ಲೇಟ್ ಅಲ್ಲೇ ಹೋಯಿತು.

ಪವರ್ ವಾಲ್ವ್ ಇರುವುದೇ ಈ ಜಗಳ ಬಿಡಿಸಲು. ಪೋರ್ಟಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಮಲಗಿರುವ ಒಂದು ಡ್ರಮ್ಮು, ಅದರ ಒಂದು ಕಡೆ ಕೆತ್ತಿದ್ದಾರೆ. ನಿಧಾನ ಇದ್ದಾಗ ಅದು ತಿರುಗಿ ಪೋರ್ಟಿನ ಎತ್ತರ ತಗ್ಗಿಸುತ್ತದೆ, ವೇಗ ಹೆಚ್ಚಿದಂತೆ ದಾರಿ ಬಿಡುತ್ತದೆ. ಯಮಹಾದವರು 1970ರ ದಶಕದ ಕೊನೆಯಲ್ಲಿ ರೇಸ್ ಬೈಕ್‌ಗಳಲ್ಲಿ ಇದನ್ನು ಓಡಿಸಿ, ಆಮೇಲೆ ರಸ್ತೆ ಬೈಕಿಗೆ ತಂದರು. ಎರಡೂ ಸಿಲಿಂಡರಿನ ವಾಲ್ವ್‌ಗಳು ಮಧ್ಯದಲ್ಲಿ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಒಂದು ತುದಿಗೆ ಪುಲ್ಲಿ, ಪುಲ್ಲಿಗೆ ಎರಡು ಕೇಬಲ್, ಕೇಬಲ್ಲಿನ ಇನ್ನೊಂದು ತುದಿಗೆ ಸರ್ವೋ ಮೋಟಾರ್.

ಹಳೇ ವೈಪಿವಿಎಸ್ ಜೋಡಿ ಸಿಕ್ಕಿತು, ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ. ಸರ್ವೋ, ಕಂಟ್ರೋಲರ್ ಎಲ್ಲ ಆಮೇಲೆ ನೋಡೋಣ ಅಂತ ವಾಲ್ವ್‌ಗಳನ್ನು ಪೂರ್ತಿ ತೆರೆದು ಪುಲ್ಲಿಗೆ ತಂತಿ ಬಿಗಿದುಬಿಟ್ಟೆ. ಹೀಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಇದು ನನ್ನ ಎರಡನೇ ಪ್ರಯೋಗ, ಇದರ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ವಾಲ್ವ್ ಪೂರ್ತಿ ತೆರೆದಿದ್ದರೆ ಈ ಸಿಲಿಂಡರಿನ ಪೋರ್ಟ್ ಎತ್ತರದ್ದೇ. ಅಂದರೆ ಪೋರ್ಟ್ ಮಾಡಿಸಿದ ಜೋಡಿಯ ರೋಗವೇ ಇಲ್ಲೂ, ಮೇಲೆ ಆ ಜೋಡಿಯಷ್ಟು ಓಟವೂ ಇಲ್ಲ. ಸರ್ವೋ ಹಾಕುವ ಯೋಚನೆ ಇಲ್ಲದವರು ಈ ಸಿಲಿಂಡರ್ ತಗೊಳ್ಳಲೇಬೇಡಿ. ದುಡ್ಡು ಕೊಟ್ಟು ಕೊಡೆ ತಂದು ಮಡಚಿಟ್ಟುಕೊಂಡು ನೆನೆದ ಹಾಗೆ.

ಈಗ ಮೂರನೆಯದು. ಸರ್ವೋ, ಕೇಬಲ್, ಪ್ರೋಗ್ರಾಮ್ ಮಾಡಬಹುದಾದ ಒಂದು ಕಂಟ್ರೋಲರ್. ಕೂರಿಸುವುದು ಕಷ್ಟ ಅಲ್ಲ. ಪುಲ್ಲಿಯ ಗುರುತು ಸರಿಯಾಗಿ ಹೊಂದಿಸಿ, ಎಕ್ಸಾಸ್ಟ್ ಕಡೆಯಿಂದ ಬೆರಳು ಹಾಕಿ ಸವರಿ ನೋಡಿ, ಪೂರ್ತಿ ತೆರೆದಾಗ ಡ್ರಮ್ಮು ಪೋರ್ಟಿನ ಛಾವಣಿಗೆ ಸಮವಾಗಿರಬೇಕು, ಬೆರಳಿಗೆ ಮೆಟ್ಟಿಲು ಸಿಗಬಾರದು. ನನ್ನದರಲ್ಲಿ 5,500 ಆರ್‌ಪಿಎಮ್‌ಗೆ ತೆರೆಯಲು ಶುರು, 8,000ಕ್ಕೆ ಪೂರ್ತಿ ಅಂತ ಇಟ್ಟೆ. ಮೊದಲ ದಿನ ಓಡಿಸಿದಾಗ ನಗು ತಡೆಯಲಾಗಲಿಲ್ಲ. ಎರಡನೇ ಗೇರಿನಲ್ಲಿ ಸಿಕ್ಕಿಬೀಳುತ್ತಿದ್ದ ಏರನ್ನು ಮೂರರಲ್ಲಿ ಹತ್ತಿತು, ಕ್ಲಚ್ ಮುಟ್ಟಲಿಲ್ಲ.

ಎರಡನೇ ವಾರ ಶುರುವಾಯಿತು ಕಾಟ.

ಬೆಳಿಗ್ಗೆ ಗಾಡಿ ಬೆಣ್ಣೆ. ಮಧ್ಯಾಹ್ನದ ಮೇಲೆ ಮೇಲಿನ ಆರ್‌ಪಿಎಮ್‌ನಲ್ಲಿ ಗಂಟಲು ಕಟ್ಟಿದ ಹಾಗೆ, ಮುಂದಕ್ಕೆ ಹೋಗುವುದೇ ಇಲ್ಲ. ಪೆಟ್ರೋಲ್ ಜಾಸ್ತಿ ಆಗುತ್ತಿದೆ ಅಂದುಕೊಂಡು ಮೇನ್ ಜೆಟ್ ಚಿಕ್ಕದು ಮಾಡಿದೆ. ಮುಂದಿನ ವಾರ ನೋಡಿದರೆ ಮೇಲೆ ಚೆನ್ನಾಗಿದೆ, ಕೆಳಗೆ ಉಸಿರೇ ಇಲ್ಲ. ಸರಿ, ಪೈಲಟ್ ಜೆಟ್ ಬದಲಿಸಿದೆ, ನೀಡಲ್ ಕ್ಲಿಪ್ಪನ್ನು ಒಂದು ಗೀರು ಸರಿಸಿದೆ. ಅದರ ಮುಂದಿನ ವಾರ ಎರಡೂ ಅಲ್ಲ, ಮಧ್ಯದಲ್ಲಿ ಕುಂಟುತ್ತಿದೆ. ಕಾರ್ಬೋರೇಟರ್ ಎಷ್ಟು ಸಲ ಬಿಚ್ಚಿದೆನೋ ಲೆಕ್ಕ ಇಟ್ಟಿಲ್ಲ. ಗಾಳಿ ಎಳೆಯುತ್ತಿದೆಯೇನೋ ಅಂತ ಇನ್‌ಟೇಕ್ ರಬ್ಬರುಗಳನ್ನು ಹೊಸದು ಹಾಕಿದೆ. ಮಿಶ್ರಣ ಒಳಬರುವ ದಾರಿಯ ರೀಡ್ ವಾಲ್ವ್ ತೆಗೆದು ನೋಡಿದೆ. ಒಂದು ದಿನ ಬೆಳಿಗ್ಗೆ ಪೂರ್ತಿ ಥ್ರಾಟಲ್ ಕೊಟ್ಟು ಸ್ವಲ್ಪ ದೂರ ಹೋಗಿ ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದಷ್ಟು ಬಿಳಿ. ನನ್ನದೇ ಚಿಕ್ಕ ಮೇನ್ ಜೆಟ್ಟಿನ ಪುಣ್ಯ. ಎಡಗಡೆ ಪಿಸ್ಟನ್ ಎಕ್ಸಾಸ್ಟ್ ಬದಿಗೆ ಗೀಚಿಹೋಗಿತ್ತು. ಪೂರ್ತಿ ಸೀಜ್ ಆಗದೆ ಉಳಿದಿದ್ದೇ ದೊಡ್ಡದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದನ್ನೇ ವಾರಗಟ್ಟಲೆ ಮಾಡಿದ್ದೆ.

ಗೊತ್ತಾಗಿದ್ದು ಆಕಸ್ಮಿಕ. ಕೀ ಆನ್ ಮಾಡಿದರೆ ಸರ್ವೋ ಒಮ್ಮೆ ತೆರೆದು ಮುಚ್ಚಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ, ಝುಂಯ್ ಅಂತ ಸಣ್ಣ ಸದ್ದು. ಬೆಳಿಗ್ಗೆ ದಿನಾ ಕೇಳುತ್ತಿದ್ದೆ. ಒಂದು ಸಂಜೆ ಎಂಜಿನ್ ನಿಲ್ಲಿಸಿ ಮತ್ತೆ ಕೀ ತಿರುಗಿಸಿದಾಗ ಸದ್ದೇ ಇಲ್ಲ. ಮೀಟರ್ ಹಿಡಿದರೆ ಬ್ಯಾಟರಿ 10.6 ವೋಲ್ಟ್.

ಇಲ್ಲಿದೆ ಗುಟ್ಟು. ಬ್ಯಾನ್‌ಶೀಗೆ ಕಂಪನಿ ಬ್ಯಾಟರಿಯನ್ನೇ ಕೊಟ್ಟಿರಲಿಲ್ಲ. ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಗಾಡಿ, ಹೆಡ್‌ಲೈಟ್ ಓಡುವುದು ನೇರ ಸ್ಟೇಟರಿನ (ಫ್ಲೈವೀಲ್ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲ್‌ಗಳ) ಎಸಿ ಕರೆಂಟಿನಲ್ಲಿ. ಸರ್ವೋಗೆ ಬೇಕಿರುವುದು 12 ವೋಲ್ಟ್ ಡಿಸಿ. ನಾನು ಬುದ್ಧಿವಂತ ಅಲ್ವಾ, ಲೈಟಿನ ವೈರಿಗೆ ಒಂದು ಡೈಯೋಡ್ ಹಾಕಿ ಚಿಕ್ಕ ಬ್ಯಾಟರಿಗೆ ಕೊಟ್ಟಿದ್ದೆ. ಡೈಯೋಡ್ ಒಂದೇ ಇದ್ದರೆ ಕರೆಂಟಿನ ಅರ್ಧ ಅಲೆ ಮಾತ್ರ ಬ್ಯಾಟರಿಗೆ ಸಿಗುತ್ತದೆ, ಅದರಲ್ಲೂ ಹೆಡ್‌ಲೈಟ್ ಪಾಲು ಕೇಳುತ್ತದೆ. ನಿಧಾನ ಓಡಿಸುವವನಿಗೆ ಸ್ಟೇಟರ್ ಕೊಡುವುದೇ ಕಡಿಮೆ. ಹಾಗಾಗಿ ಚಾರ್ಜ್ ಆಗುವುದಕ್ಕಿಂತ ಖರ್ಚಾಗುವುದೇ ಹೆಚ್ಚು. ರಾತ್ರಿ ಸುಮ್ಮನೆ ನಿಂತರೆ ಬ್ಯಾಟರಿ ಸ್ವಲ್ಪ ಚೇತರಿಸಿಕೊಂಡು ಬೆಳಿಗ್ಗೆ ನಾಟಕ ಆಡುತ್ತಿತ್ತು.

ಆದರೆ ಎಂಜಿನ್ ಒಮ್ಮೆಯೂ ಯಾಕೆ ನಿಲ್ಲಲಿಲ್ಲ? ಈ ಗಾಡಿಯಲ್ಲಿ ಕಿಡಿ ಕೊಡುವ ಸಿಡಿಐ ಪೆಟ್ಟಿಗೆಗೆ ತನ್ನದೇ ಕಾಯಿಲ್ ಇದೆ, ಬ್ಯಾಟರಿಯ ಹಂಗಿಲ್ಲ. ಕಿಡಿ ಬರುತ್ತಲೇ ಇರುತ್ತದೆ, ಸರ್ವೋ ಮಾತ್ರ ಸತ್ತಿರುತ್ತದೆ. ಇನ್ನೊಂದು ವಿಷಯ, ವಾಲ್ವನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇಲ್ಲ, ಎರಡೂ ಕಡೆಗೆ ಎಳೆಯುವುದು ಕೇಬಲ್ಲೇ. ವೋಲ್ಟೇಜ್ ಬಿದ್ದಾಗ ವಾಲ್ವ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ಮುಚ್ಚಿ ನಿಂತ ದಿನ ಗಂಟಲು ಕಟ್ಟಿದ ಹಾಗೆ, ತೆರೆದು ನಿಂತ ದಿನ ಕೆಳಗೆ ಉಸಿರಿಲ್ಲ, ನಡುವೆ ನಿಂತ ದಿನ ಕುಂಟು. ಒಂದೇ ಕಾಯಿಲೆ, ವಾರಕ್ಕೊಂದು ಲಕ್ಷಣ. ನಾನು ಪ್ರತಿ ಲಕ್ಷಣಕ್ಕೂ ಒಂದೊಂದು ಜೆಟ್ ಬದಲಿಸುತ್ತಿದ್ದೆ!

ಸರಿ ಮಾಡಿದ್ದು ಹೀಗೆ. ಫ್ಲೈವೀಲ್ ಎಳೆದು ಸ್ಟೇಟರ್ ಹೊರತೆಗೆದೆ. ಲೈಟ್ ಕಾಯಿಲ್‌ನ ಒಂದು ತುದಿ ಒಳಗೇ ಅರ್ತ್ ಆಗಿರುತ್ತದೆ, ಅದನ್ನು ಬಿಡಿಸಿ ಬೇರೆ ವೈರ್ ಹಾಕಿ ಹೊರಗೆ ತಂದೆ. ಈಗ ಕಾಯಿಲ್‌ನ ಎರಡೂ ತುದಿ ಸ್ವತಂತ್ರ, ಪೂರ್ತಿ ಅಲೆ ಬಳಸಿ ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ರೆಕ್ಟಿಫೈಯರ್ ಹಾಕಬಹುದು. ಹಳೇ ಎಸಿ ರೆಗ್ಯುಲೇಟರನ್ನು ಕಿತ್ತು ಹಾಕಬೇಕು, ಎರಡನ್ನೂ ಒಟ್ಟಿಗೆ ಇಡಬಾರದು. ಹೆಡ್‌ಲೈಟನ್ನು ಎಲ್‌ಇಡಿ ಮಾಡಿ ಡಿಸಿಗೆ ಸೇರಿಸಿದೆ. ಹ್ಯಾಂಡಲ್ ಮೇಲೆ ಒಂದು ಪುಟ್ಟ ವೋಲ್ಟ್ ಮೀಟರ್ ಅಂಟಿಸಿದೆ. ಮೂಲ ಜೆಟ್‌ಗಳು ಮತ್ತೆ ಒಳಗೆ ಹೋದವು, ಹೊಸ ಪಿಸ್ಟನ್ ಕೂತಿತು. ಅವತ್ತಿನಿಂದ ಇವತ್ತಿನವರೆಗೆ ಕಾರ್ಬೋರೇಟರ್ ಮುಟ್ಟಿಲ್ಲ.

ಉಳಿದ ಸಣ್ಣಪುಟ್ಟ ವಿಷಯ. ನನ್ನ ಎಕ್ಸಾಸ್ಟ್ ಪೈಪ್ ಹೊಸ ಸಿಲಿಂಡರಿಗೆ ನೇರ ಕೂರಲಿಲ್ಲ, ಎರಡನ್ನೂ ಸೇರಿಸುವ ಫ್ಲಾಂಜ್ ಮಾಡಿಸಬೇಕಾಯಿತು. ಪೋರ್ಟ್ ಮಾಡಿಸಿದ ಜೋಡಿಗೆ ಆ ತಲೆನೋವಿಲ್ಲ.

ಕಿಕ್ ಸ್ವಲ್ಪ ಬಿಗಿ. ವಾಲ್ವ್ ಮುಚ್ಚಿದ್ದಾಗ ಪೋರ್ಟ್ ಬೇಗ ಮುಚ್ಚುತ್ತದೆ, ಕಂಪ್ರೆಷನ್ ಜಾಸ್ತಿ ಸಿಗುತ್ತದೆ. ಹೆಡ್ ಕಡಿಸಿ ಕಂಪ್ರೆಷನ್ ಏರಿಸಿಕೊಂಡವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ಏರಿನಲ್ಲಿ ಎಂಜಿನ್ ಕಟಕಟ ಅನ್ನಲು ಶುರು ಮಾಡುತ್ತದೆ.

ಡ್ರಮ್ಮಿಗೆ ಮಸಿ ಹಿಡಿಯುತ್ತದೆ, ಆಗಾಗ ಬಿಚ್ಚಿ ತೊಳೆಯಬೇಕು. ಪುಲ್ಲಿ ಕಡೆಯ ಸೀಲಿನಿಂದ ಕಪ್ಪು ಎಣ್ಣೆ ಜಿನುಗುತ್ತದೆ. ಜಿನುಗಲಿ, ನಾನು ತಲೆ ಕೆಡಿಸಿಕೊಂಡಿಲ್ಲ. ಕೇಬಲ್ ಮಾತ್ರ ಬಿಗಿ ಜಾಸ್ತಿ ಮಾಡಬೇಡಿ, ಸರ್ವೋ ಬಿಸಿಯಾಗುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ.

ಕೆಸರು ನೀರು ಸರ್ವೋಗೆ ಆಗಲ್ಲ. ಸೀಟಿನ ಕೆಳಗೆ ಎತ್ತರದಲ್ಲಿ ಕಟ್ಟಿ.

ಪೂರ್ತಿ ಥ್ರಾಟಲ್‌ನಲ್ಲಿ ಯಾವುದು ಮುಂದೆ ಅಂದರೆ, ನನ್ನ ಕೈಯಲ್ಲಿ ಪೋರ್ಟ್ ಮಾಡಿಸಿದ ಕಂಪನಿ ಸಿಲಿಂಡರ್‌ಗಳೇ ಮುಂದೆ. ಅದರಲ್ಲಿ ಮುಚ್ಚುಮರೆ ಇಲ್ಲ. ಮರಳ ದಿಬ್ಬದ ಮೇಲೆ ಕೈ ತಿರುವಿ ಹಿಡಿದುಕೊಂಡೇ ಹೋಗುವವರಿಗೆ ಕೆಳಗಿನ ಪಿಕಪ್ ಕಟ್ಟಿಕೊಂಡು ಏನಾಗಬೇಕು? ಅವರು ಪೋರ್ಟ್ ಮಾಡಿಸಿ, ಒಳ್ಳೆ ಪೈಪ್ ಹಾಕಿ, ವೈರಿಂಗ್ ತಂಟೆಗೆ ಹೋಗದೆ ಆರಾಮಾಗಿರಲಿ. ಖರ್ಚೂ ಕಡಿಮೆ. ವೈಪಿವಿಎಸ್ ದಾರಿಯಲ್ಲಿ ಸಿಲಿಂಡರಿಗೆ ಕೊಟ್ಟಷ್ಟೇ ದುಡ್ಡು ಮತ್ತೆ ಸರ್ವೋ, ಕಂಟ್ರೋಲರ್, ಬ್ಯಾಟರಿ, ರೆಕ್ಟಿಫೈಯರ್, ಫ್ಲಾಂಜ್ ಅಂತ ಹೋಗುತ್ತದೆ. ನಾನು ಎರಡಕ್ಕೂ ಕೊಟ್ಟವನು, ನನ್ನ ಜೇಬಿನ ಕಥೆ ಕೇಳಬೇಡಿ.

ನನ್ನ ಮಟ್ಟಿಗೆ ಗಾಡಿ ಅಂದರೆ ಒಬ್ಬನೇ ಹೋಗಿ ಒಬ್ಬನೇ ವಾಪಸ್ ಬರುವುದು. ಏರಿನ ಮಧ್ಯೆ ನಿಂತು ಮತ್ತೆ ಹೊರಡಲು ಆಗಬೇಕು, ಕ್ಲಚ್ ಸುಡಬಾರದು. ಅದಕ್ಕೆ ಸರ್ವೋ ಇರುವ ವೈಪಿವಿಎಸ್ಸೇ ಸರಿ. ಹಳೇ ಜೋಡಿ ತಗೊಳ್ಳುವವರು ಡ್ರಮ್ಮುಗಳು ಕೈಯಲ್ಲಿ ಸಲೀಸಾಗಿ ತಿರುಗುತ್ತವಾ, ಮಧ್ಯದ ಜೋಡಣೆಯಲ್ಲಿ ಆಟ ಇದೆಯಾ ನೋಡಿ. ಆಟ ಇದ್ದರೆ ಒಂದು ಸಿಲಿಂಡರ್ ಪೂರ್ತಿ ತೆರೆದಾಗ ಇನ್ನೊಂದು ಅರ್ಧದಲ್ಲಿರುತ್ತದೆ. ಮತ್ತೆ ಜೆಟ್ ಡಬ್ಬಿ ತೆಗೆಯುತ್ತೀರಿ.

ಪೋರ್ಟ್ ಮಾಡಿಸಿದ ಜೋಡಿ ಇನ್ನೂ ರಟ್ಟಿನ ಪೆಟ್ಟಿಗೆಯಲ್ಲಿದೆ. ಮರಳಲ್ಲಿ ಓಡಿಸುವ ಸ್ನೇಹಿತನೊಬ್ಬ ಎರಡು ಸಲ ಕೇಳಿದ್ದಾನೆ. ಮೂರನೇ ಸಲ ಕೇಳಿದರೆ ಕೊಟ್ಟುಬಿಡುತ್ತೇನೆ.