ಏಳು ವರ್ಷ ಬಳಸಿದ ಟವರ್ ಡೆಸ್ಕ್‌ಟಾಪ್: ಬೆನ್ನ ಕಡೆಯಿಂದ ಒಂದು ವಿಮರ್ಶೆ

ಪ್ರೊಸೆಸರ್ ಯಾವುದು, ಕೋರ್ ಎಷ್ಟು, ರ‍್ಯಾಮ್ ಎಷ್ಟು ಜಿಬಿ ಎಂದು ಈ ಯಂತ್ರದ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅವೆಲ್ಲ ಕೊಂಡ ಮೊದಲ ವಾರದ ಮಾತು. ಏಳು ವರ್ಷ ದಿನಾ ಬಳಸಿದ ಮೇಲೆ ನನಗೆ ನೆನಪಿರುವುದು ಬೇರೆಯೇ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಮೇಜಿನ ಕೆಳಗೆ ಮಂಡಿಯೂರಿ, ಇದರ ಬೆನ್ನು ತಡಕಾಡಿದ ಗಂಟೆಗಳು. ಹಾಗಾಗಿ ವೇಗದ ಬಗ್ಗೆ ಒಂದೇ ಮಾತು: ಸಾಕಷ್ಟಿದೆ. ಉಳಿದದ್ದೆಲ್ಲ ಪಿನ್ನು, ತೂತು, ಲೈಟುಗಳ ಕಥೆ.

ಮನೆಯಲ್ಲಿ ಎಲ್ಲರೂ ಈ ಪೆಟ್ಟಿಗೆಯನ್ನು "ಸಿಪಿಯು" ಎನ್ನುತ್ತಾರೆ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಒಳಗೆ ಫ್ಯಾನಿನ ಅಡಿಯಲ್ಲಿ ಕೂತಿರುವ ಪುಟ್ಟ ಚಿಪ್ ಎಂದು ನಾಲ್ಕೈದು ಸಲ ತಿದ್ದಿ, ಆಮೇಲೆ ಬಿಟ್ಟುಬಿಟ್ಟೆ. ಈಗ ನಾನೂ ಸಿಪಿಯು ಎಂದೇ ಅನ್ನುವುದು.

ಎರಡನೇ ವರ್ಷ ಗೋಡೆಗೆ ಬಣ್ಣ ಹೊಡೆಸುವಾಗ ಪೆಟ್ಟಿಗೆಯನ್ನು ಪಕ್ಕದ ಕೋಣೆಗೆ ಸಾಗಿಸಿದ್ದರು. ನಾನು ಊರಲ್ಲಿರಲಿಲ್ಲ. ವಾಪಸ್ ಜೋಡಿಸುವ ಕೆಲಸ ಅಪ್ಪನ ಪಾಲಿಗೆ ಬಂತು, ಫೋನಿನಲ್ಲಿ ದಾರಿ ಹೇಳುವ ಕೆಲಸ ನನಗೆ.

"ಅಪ್ಪ, ನೀಲಿ ಪಿನ್ನನ್ನು ನೀಲಿಗೆ ಹಾಕಿ, ಅಷ್ಟೇ."

"ಯಾವ ನೀಲಿಗೋ? ಇಲ್ಲಿ ನಾಲ್ಕು ನೀಲಿ ಇದೆಯಲ್ಲೋ."

ನಿಜ, ನಾಲ್ಕಿತ್ತು. ಮಾನಿಟರಿನ ವಿಜಿಎ ನೀಲಿ. ಯುಎಸ್‌ಬಿ 3 ಪೋರ್ಟುಗಳು ಎರಡು, ಎರಡರ ನಾಲಿಗೆಯೂ ನೀಲಿ. ಆಡಿಯೊ ಸಾಲಿನಲ್ಲಿ ಹೊರಗಿನಿಂದ ಧ್ವನಿ ಒಳಗೆ ತರುವ ಲೈನ್-ಇನ್ ತಿಳಿನೀಲಿ. "ಸರಿ, ಹಸಿರಿನಿಂದ ಶುರು ಮಾಡೋಣ" ಎಂದೆ. ಹಸಿರೂ ಎರಡು. ಸ್ಪೀಕರಿನ ದುಂಡು ತೂತು ಒಂದು. ಇನ್ನೊಂದು ಅದಕ್ಕಿಂತ ದೊಡ್ಡದಾದ ದುಂಡನೆಯ ಪಿಎಸ್/2, ಅರ್ಧ ಹಸಿರು, ಅರ್ಧ ನೇರಳೆ. ಹಸಿರೆಂದರೆ ಮೌಸು, ನೇರಳೆಯೆಂದರೆ ಕೀಬೋರ್ಡು, ಎರಡೂ ಇದ್ದರೆ ಯಾವುದನ್ನಾದರೂ ಚುಚ್ಚಬಹುದು.

ಈ ಬಣ್ಣಗಳಲ್ಲಿ ಹೆಚ್ಚಿನವು ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ಹೊರತಂದ ಪಿಸಿ 99 ಎಂಬ ಮಾರ್ಗಸೂಚಿಯಿಂದ ಬಂದವು. ಅದಕ್ಕೆ ಮೊದಲು ಹೆಚ್ಚಿನ ಯಂತ್ರಗಳ ಬೆನ್ನೆಲ್ಲ ಒಂದೇ ಬೂದು ಅಥವಾ ಕಪ್ಪು. ಯುಎಸ್‌ಬಿಯ ನೀಲಿ ಸೇರಿಕೊಂಡಿದ್ದು ತಡವಾಗಿ, 2008ರಲ್ಲಿ ಯುಎಸ್‌ಬಿ 3 ಬಂದ ಮೇಲೆ. ಅಷ್ಟರಲ್ಲಿ ನೀಲಿ ಜಾಗ ಭರ್ತಿಯಾಗಿತ್ತು ಎಂದು ಯಾರಿಗೂ ಹೊಳೆಯಲಿಲ್ಲವೋ ಏನೋ. ಅವತ್ತಿನಿಂದ ಫೋನಿನಲ್ಲಿ ಬಣ್ಣ ಹೇಳುವುದನ್ನು ಬಿಟ್ಟೆ. ಆಕಾರ ಮೊದಲು, ಬಣ್ಣ ಆಮೇಲೆ. "ಮೂರು ಸಾಲಿನಲ್ಲಿ ಹದಿನೈದು ಸಣ್ಣ ತೂತು, ಎರಡೂ ಬದಿಗೆ ತಿರುಪು ಕೂರುವ ಜಾಗ" ಎಂದರೆ ವಿಜಿಎ ಬಿಟ್ಟು ಬೇರೇನೂ ಆಗಲು ಸಾಧ್ಯವಿಲ್ಲ. ಅಂದಹಾಗೆ ಆ ವಿಜಿಎಯೂ ದುಂಡನೆಯ ಪಿಎಸ್/2 ತೂತೂ ಒಂದೇ ಮನೆಯ ಮಕ್ಕಳು. ಎರಡೂ ಬಂದದ್ದು 1987ರ ಐಬಿಎಂ ಪಿಎಸ್/2 ಯಂತ್ರಗಳ ಜೊತೆ. ಮೂವತ್ತು ವರ್ಷ ದಾಟಿದ ಮೇಲೂ ನನ್ನ ಪೆಟ್ಟಿಗೆಯ ಬೆನ್ನಲ್ಲಿ ಪಕ್ಕಪಕ್ಕದಲ್ಲೇ ಇವೆ.

ಅಪ್ಪನನ್ನು ನೋಡಿ ನಗಲು ನನಗೇನೂ ಹಕ್ಕಿಲ್ಲ. ಒಂದು ರಾತ್ರಿ ಬಗ್ಗಿ ನೋಡಲು ಸೋಮಾರಿತನವಾಗಿ, ಕೈ ಅಂದಾಜಿನಲ್ಲೇ ಪೆನ್‌ಡ್ರೈವನ್ನು ಹಿಂದೆ ಚುಚ್ಚಿದೆ. ಸಲೀಸಾಗಿ ಹೋಯಿತು. ಯಂತ್ರಕ್ಕೆ ಅದು ಕಾಣಲಿಲ್ಲ. ರೀಸ್ಟಾರ್ಟ್ ಮಾಡಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ, ಪೆನ್‌ಡ್ರೈವೇ ಸತ್ತಿರಬೇಕು ಎಂದುಕೊಂಡೆ. ಅರ್ಧ ಗಂಟೆ ಕಳೆದು ಟಾರ್ಚ್ ಬಿಟ್ಟು ನೋಡಿದರೆ ಅದು ನೆಟ್‌ವರ್ಕ್ ಕೇಬಲಿನ ಚೌಕದೊಳಗೆ ಹಾಯಾಗಿ ಕೂತಿತ್ತು! ಯುಎಸ್‌ಬಿಯ ಮೂತಿಯ ಅಗಲವೂ ಆ ತೂತಿನ ಅಗಲವೂ ಹೆಚ್ಚುಕಡಿಮೆ ಒಂದೇ. ಅದೃಷ್ಟಕ್ಕೆ ಒಳಗಿನ ಎಂಟು ತಂತಿಗಳು ಬಾಗಿರಲಿಲ್ಲ.

ಆ ಚೌಕದ ವಿಷಯಕ್ಕೆ ಬಂದರೆ, ಇಡೀ ಯಂತ್ರದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಎರಡು ಮೂಲೆಯ ಪುಟ್ಟ ಲೈಟುಗಳು. ಒಂದು ಮಾಹಿತಿ ಹರಿದಾಗ ಮಿಣುಕುತ್ತದೆ. ಇನ್ನೊಂದು ವೇಗ ಹೇಳುತ್ತದೆ. ನನ್ನದರಲ್ಲಿ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಇದ್ದರೆ ಹಸಿರು, 100 ಮೆಗಾಬಿಟ್ಟಿಗೆ ಇಳಿದರೆ ಕಿತ್ತಳೆ. ಎಲ್ಲ ತಯಾರಕರದ್ದೂ ಹೀಗೇ ಇರುವುದಿಲ್ಲ, ಕೆಲವರದ್ದು ತದ್ವಿರುದ್ಧ. ನಿಮ್ಮ ಯಂತ್ರದ ಕೈಪಿಡಿ ನೋಡಿಕೊಳ್ಳುವುದು ಒಳ್ಳೆಯದು.

ಐದನೇ ವರ್ಷ ಇಂಟರ್ನೆಟ್ ನಿಧಾನವಾಯಿತು. ಸೇವೆ ಕೊಡುವವರಿಗೆ ಮೂರು ಸಲ ಫೋನ್ ಮಾಡಿ ರೇಗಿದೆ, ಅವರೂ ಪಾಪ ಪ್ರತಿ ಸಲ ರೂಟರ್ ಆಫ್ ಮಾಡಿ ಆನ್ ಮಾಡಿಸಿದರು. ಇನ್ನೇನೋ ಹುಡುಕಲು ಬಗ್ಗಿದವನಿಗೆ ಕಿತ್ತಳೆ ಕಂಡಿತು. ಕೇಬಲನ್ನು ಬೆರಳಲ್ಲಿ ಸವರುತ್ತ ಹೋದರೆ ಒಂದು ಕಡೆ ಚಪ್ಪಟೆಯಾಗಿತ್ತು. ನನ್ನದೇ ಕುರ್ಚಿಯ ಚಕ್ರ ಅದರ ಮೇಲೆ ತಿಂಗಳುಗಟ್ಟಲೆ ಓಡಾಡಿದೆ. ಒಳಗಿರುವುದು ಎಂಟು ತಂತಿ, ಅಂದರೆ ನಾಲ್ಕು ಜೋಡಿ. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್ಟಿಗೆ ಎರಡೇ ಸಾಕು. ಒಂದು ತಂತಿ ತುಂಡಾಗಿದ್ದಕ್ಕೆ ಸಂಪರ್ಕ ಕಡಿದುಹೋಗಿರಲಿಲ್ಲ, ಸುಮ್ಮನೆ ಕುಂಟುತ್ತಿತ್ತು. ಕೇಬಲ್ ಬದಲಿಸಿದೆ, ಲೈಟು ಹಸಿರಾಯಿತು. ಬೈಸಿಕೊಂಡವರಿಗೆ ಮತ್ತೆ ಫೋನ್ ಮಾಡಿ ಹೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಯಂತ್ರ ಆಫ್ ಮಾಡಿದ ಮೇಲೂ ಈ ಲೈಟು ಉರಿಯುತ್ತಿದ್ದರೆ ಗಾಬರಿ ಬೇಡ. ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಮದರ್‌ಬೋರ್ಡಿಗೆ, ಅಂದರೆ ಒಳಗಿನ ಮುಖ್ಯ ಹಲಗೆಗೆ, ಸಣ್ಣ ಧಾರೆಯಂತೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಅದಕ್ಕೇ, ಒಳಗೆ ಕೈ ಹಾಕುವ ಮೊದಲು ವೈರನ್ನೇ ಕೀಳಬೇಕು.

ಮೂರನೇ ವರ್ಷ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಕಾರ್ಡೇನೋ ಚೆನ್ನಾಗಿದೆ, ಆದರೆ ಅಂದಿನಿಂದ ಮಾನಿಟರಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ತೂತು ಎರಡಾಯಿತು: ಮದರ್‌ಬೋರ್ಡಿನದ್ದೊಂದು, ಕಾರ್ಡಿನದ್ದೊಂದು. ಧೂಳು ಹೊಡೆದು ಜೋಡಿಸಿದಾಗೆಲ್ಲ ಮಾನಿಟರಿನ ಕೇಬಲ್ ತಪ್ಪು ತೂತಿಗೆ ಹೋಗಿ, ಪರದೆ ಕಪ್ಪಾಗಿ, "ನೋ ಸಿಗ್ನಲ್" ಬರುವುದು. ಗುರುತು ಸುಲಭ. ಟವರ್ ನಿಲ್ಲಿಸಿದಾಗ ಮದರ್‌ಬೋರ್ಡಿನ ಪೋರ್ಟುಗಳು ಮೇಲ್ಭಾಗದಲ್ಲಿ ಒಂದರ ಕೆಳಗೊಂದು ಉದ್ದಕ್ಕೆ ಗುಂಪಾಗಿರುತ್ತವೆ. ಕಾರ್ಡಿನವು ಅದರ ಕೆಳಗೆ ಅಡ್ಡಪಟ್ಟಿಯಲ್ಲಿ ಮಲಗಿರುತ್ತವೆ. ಕಾರ್ಡ್ ಇದ್ದರೆ ಮಾನಿಟರ್ ಮಲಗಿದ ಸಾಲಿಗೆ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇಲ್ಲದಿದ್ದರೆ ಮೇಲಿನ ಗುಂಪಿನಲ್ಲಿರುವ ಮಾನಿಟರಿನ ತೂತುಗಳಿಗೆ ಜೀವವೇ ಇರುವುದಿಲ್ಲ, ಸುಮ್ಮನೆ ಅಲಂಕಾರಕ್ಕೆ.

ಮುಂಬದಿಗೆ ಬರೋಣ. ಪವರ್ ಬಟನ್ನಿನ ಬಿಳಿ ಲೈಟು ಸುಮ್ಮನೆ ಉರಿದರೆ ಎಚ್ಚರ, ನಿಧಾನವಾಗಿ ಮಿಣುಕಿದರೆ ನಿದ್ರೆ. ನಾಲ್ಕನೇ ವರ್ಷ ಒಂದು ಬೆಳಗ್ಗೆ ಅದೇ ಲೈಟು ಕಿತ್ತಳೆಯಾಗಿ ಬಿಟ್ಟುಬಿಟ್ಟು ಹೊಡೆದುಕೊಂಡಿತು, ಪರದೆಯಲ್ಲಿ ಏನೂ ಇಲ್ಲ. ಮಿಣುಕುಗಳನ್ನು ಎಣಿಸಿ ಕೈಪಿಡಿಯಲ್ಲಿ ಹುಡುಕಿದೆ. ಮೆಮೊರಿ ಎಂದಿತ್ತು. ರ‍್ಯಾಮ್ ಪಟ್ಟಿಯನ್ನು ತೆಗೆದು, ಧೂಳು ಊದಿ, ಕಟ್ ಎಂದು ಸದ್ದಾಗುವವರೆಗೆ ಒತ್ತಿ ಕೂರಿಸಿದೆ. ಬದುಕಿತು. ರಿಪೇರಿಗೆ ಹೊತ್ತೊಯ್ದಿದ್ದರೆ ವಾರ ಹೋಗುತ್ತಿತ್ತು. ಈ ಯಂತ್ರಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿರುವುದಕ್ಕೆ ಆ ಕಿತ್ತಳೆ ಲೈಟು ಮುಖ್ಯ ಕಾರಣ.

ಅದರ ಪಕ್ಕದ್ದು ಡಿಸ್ಕಿನ ಲೈಟು. ಹಳೆಯ ಹಾರ್ಡ್‌ಡಿಸ್ಕ್ ಇದ್ದಾಗ ಅದು ಆರಿದ್ದನ್ನು ನೋಡಿದ್ದೇ ಕಡಿಮೆ. ಯಂತ್ರ ಹ್ಯಾಂಗ್ ಆಯಿತು ಎನಿಸಿದಾಗ ಮೊದಲು ಅದನ್ನು ನೋಡುತ್ತಿದ್ದೆ. ಮಿನುಗುತ್ತಿದ್ದರೆ ಏನೋ ಓದುತ್ತಿದೆ, ಕಾಯೋಣ. ಹತ್ತು ನಿಮಿಷ ಸತ್ತಂತಿದ್ದರೆ ಬಟನ್ನನ್ನು ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದು ಆರಿಸುವುದು. ತಿರುಗುವ ತಟ್ಟೆಯಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿದ ಮೇಲೆ ಆ ಲೈಟಿಗೆ ಕೆಲಸವೇ ಇಲ್ಲ.

ಒಂದು ಸ್ಟಾರ್ ಕಳೆದದ್ದು ಮುಂದಿನ ಯುಎಸ್‌ಬಿಗೆ. ಪೆನ್‌ಡ್ರೈವ್ ಚುಚ್ಚಿದರೆ ಸರಿಯಾಗಿ ಮೊಣಕಾಲಿನ ಎತ್ತರಕ್ಕೆ ಚಾಚಿಕೊಳ್ಳುತ್ತದೆ. ಆರನೇ ವರ್ಷ ಮೊಣಕಾಲು ತಗುಲಿಯೇಬಿಟ್ಟಿತು. ಒಳಗಿನ ಪ್ಲಾಸ್ಟಿಕ್ ನಾಲಿಗೆ ಮುರಿದು ನಾಲ್ಕು ತಂತಿ ಬರಿಮೈಯಲ್ಲಿ ನಿಂತವು. ಅಂಥದ್ದರಲ್ಲಿ ಏನನ್ನೂ ಚುಚ್ಚಬಾರದು, ತಂತಿಗಳು ಒಂದಕ್ಕೊಂದು ತಾಗಿದರೆ ಶಾರ್ಟ್ ಆಗುತ್ತದೆ. ಟೇಪು ಅಂಟಿಸಿ ಮುಚ್ಚಿದ್ದೇನೆ. ಪೋರ್ಟುಗಳನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಹಿಂದಿನ ನೀಲಿ ಪೋರ್ಟುಗಳದ್ದು ಇನ್ನೊಂದು ಕಿರಿಕಿರಿ. ಹೊರಗಿನ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ನಡೆಯುವಾಗ ವೈರ್‌ಲೆಸ್ ಮೌಸು ತಡವರಿಸುತ್ತಿತ್ತು. ಬ್ಯಾಟರಿ ಬದಲಿಸಿದೆ, ಪ್ಯಾಡು ಬದಲಿಸಿದೆ. ಕಾರಣ ಅದಲ್ಲ. ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೊ ಗದ್ದಲ ಸೋರುತ್ತದೆ, ಮೌಸಿನ ರಿಸೀವರ್ ಕೇಳಿಸಿಕೊಳ್ಳುವುದೂ ಅಲ್ಲೇ. ಎರಡನ್ನೂ ಪಕ್ಕಪಕ್ಕ ಚುಚ್ಚಿದ್ದೆ. ರಿಸೀವರನ್ನು ಗೇಣುದ್ದದ ಎಕ್ಸ್‌ಟೆನ್ಷನ್ ವೈರಿನಲ್ಲಿ ದೂರ ತಂದೆ, ಸರಿಹೋಯಿತು.

ಪವರ್ ಸಪ್ಲೈ ಬಗ್ಗೆ ಹೆಚ್ಚಿಲ್ಲ. ಮೂರು ಪಿನ್ನಿನ ದಪ್ಪ ವೈರಿನ ಪಕ್ಕ ಒಂದು ಸ್ವಿಚ್ಚಿದೆ, ನೆಟ್ಟಗಿನ ಗೆರೆ ಇರುವ ಕಡೆ ಒತ್ತಿದ್ದರೆ ಆನ್, ಸೊನ್ನೆ ಕಡೆ ಆಫ್. "ಸಿಪಿಯು ಸತ್ತೇಹೋಯ್ತು" ಎಂದು ಬಂದ ಫೋನುಗಳಲ್ಲಿ ಎರಡು ಸಲ ಕಸ ಗುಡಿಸುವಾಗ ಪೊರಕೆ ಅದಕ್ಕೆ ತಾಗಿತ್ತಷ್ಟೇ. ಹಳೆಯ ಯಂತ್ರಗಳಲ್ಲಿ ಅಲ್ಲೇ 115/230 ಎಂಬ ಕೆಂಪು ಜಾರುಗುಂಡಿಯೂ ಇರುತ್ತದೆ. ಅದನ್ನು ಮುಟ್ಟಲೇಬೇಡಿ. 230 ವೋಲ್ಟ್ ಬರುವ ಕಡೆ 115ಕ್ಕೆ ಸರಿಸಿ ಆನ್ ಮಾಡಿದರೆ ಸಪ್ಲೈ ಸುಟ್ಟುಹೋಗುತ್ತದೆ.

ಕಳೆದ ವಾರ ಹೊಸ ಮಾನಿಟರ್ ಬಂತು, ಡಬ್ಬದಲ್ಲಿದ್ದದ್ದು ಡಿಸ್‌ಪ್ಲೇಪೋರ್ಟ್ ಕೇಬಲ್ ಮಾತ್ರ. ಒಂದು ಮೂಲೆ ಮಾತ್ರ ಕತ್ತರಿಸಿದಂತಿರುವ ಉದ್ದನೆಯ ಬಾಯಿ ಎಂದು ಫೋನಿನಲ್ಲಿ ಹೇಳಿದೆ. ಅಪ್ಪ ಮೊದಲ ಸಲಕ್ಕೇ ಮಲಗಿದ ಸಾಲಿನಲ್ಲಿ ಹುಡುಕಿ ಚುಚ್ಚಿದರು. ಪರದೆ ಬೆಳಗಿತು. ಮರುದಿನ ಮತ್ತೆ ಫೋನು.

"ಲೋ, ಮೇಜು ಸರಿಸೋಣ ಅಂತ ಆ ವೈರ್ ಎಳೆದ್ರೆ ಸಿಪಿಯುನೇ ಜೊತೇಲಿ ಬರ್ತಿದೆ!"

"ಅಪ್ಪ, ಎಳೀಬೇಡಿ. ಪಿನ್ನಿನ ಮೇಲ್ಗಡೆ ಒಂದು ಸಣ್ಣ ಗುಂಡಿ ಇದೆ. ಅದನ್ನ ಒತ್ತಿ ಹಿಡಿದ್ರೆ ಕೊಕ್ಕೆ ಬಿಡುತ್ತೆ."

"ಎಚ್‌ಡಿಎಂಐಗೆ ಇರಲಿಲ್ವಲ್ಲೋ ಇದು?"

"ಇರಲಿಲ್ಲ."

"ನಿನ್ನೆನೇ ಹೇಳೋಕೆ ಏನಾಗಿತ್ತು?"